ಬಂಜರು ಎಂಬ ಮಾತು: ಥಾರ್ ಮರುಭೂಮಿಯಲ್ಲಿ ಐದು ರಾತ್ರಿ

(ಅಳದಂಗಡಿಯಲ್ಲಿ ಓದುಗರ ಕೂಟವೊಂದು ಏರ್ಪಡಿಸಿದ್ದ ಸಭೆಯಲ್ಲಿ ನಮ್ಮ ವರದಿಗಾರರು ನೀಡಿದ ಉಪನ್ಯಾಸದ ಬರಹರೂಪ)



ಜೈಸಲ್ಮೇರಿಗೆ ಹೋಗುತ್ತೇನೆ ಎಂದು ಮನೆಯಲ್ಲಿ ಹೇಳಿದ ದಿನ ನನ್ನ ಸೋದರಮಾವ ಒಂದು ಪ್ರಶ್ನೆ ಕೇಳಿದರು. ಇಂದಿನ ಮಾತನ್ನು ಅದರಿಂದಲೇ ಆರಂಭಿಸುತ್ತೇನೆ. "ಬಂಜರು ನೋಡಲಿಕ್ಕೆ ಎರಡು ಸಾವಿರ ಕಿಲೋಮೀಟರ್ ಹೋಗಬೇಕಾ ಮಾರಾಯ? ನಮ್ಮ ಪದವಿನ ಮೇಲೆ ಹೋಗಿ ಕೂತರೆ ಸಾಲದಾ?" ಮನೆಯವರೆಲ್ಲ ನಕ್ಕರು. ನಾನೂ ನಕ್ಕೆ. ಉತ್ತರ ನನ್ನಲ್ಲಿ ಇರಲಿಲ್ಲ.

ಅವರು ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ಅಳದಂಗಡಿಯಲ್ಲಿ ಹುಟ್ಟಿ ಬೆಳೆದವರಿಗೆ ಹಸಿರಿಲ್ಲದ ನೆಲವೆಂದರೆ ಉಪಯೋಗಕ್ಕಿಲ್ಲದ ನೆಲ. ಇಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುತ್ತದೆ. ಮೂಡಣ ದಿಕ್ಕಿಗೆ ನೋಡಿದರೆ ಕುದುರೆಮುಖದ ಸಾಲು, ಪಡುವಣಕ್ಕೆ ಅಡಿಕೆ ತೋಟ. ಜೈಸಲ್ಮೇರಿನಲ್ಲಿ ಒಂದು ವರ್ಷಕ್ಕೆ ಬೀಳುವ ಮಳೆ 200 ಮಿಲಿಮೀಟರಿನ ಆಸುಪಾಸು. ನಮ್ಮಲ್ಲಿ ಜುಲೈ ತಿಂಗಳ ಎರಡು ಜೋರು ದಿನಗಳಲ್ಲಿ ಅಷ್ಟು ಮಳೆ ಬಂದು ಹೋಗುತ್ತದೆ. ಅಂಥ ಕಡೆ ಏನಿದ್ದೀತು, ಯಾರಿದ್ದಾರು ಎಂದು ಅನಿಸುವುದು ಸಹಜ.

ಕಳೆದ ಜನವರಿಯಲ್ಲಿ ನಾವು ನಾಲ್ವರು ಸ್ನೇಹಿತರು ಒಂದು ಹಳೆಯ ಜೀಪಿನಲ್ಲಿ ಹೊರಟೆವು. ಎರಡು ಟೆಂಟು, ಒಂದು ಸ್ಟವ್, ಅಕ್ಕಿ, ಉಪ್ಪಿನಕಾಯಿ, ನಾಲ್ಕು ಕಂಬಳಿ ನಮ್ಮ ಸಾಮಾನು. ಗುರಿ ಥಾರ್ ಮರುಭೂಮಿಯ ಡೆಸರ್ಟ್ ನ್ಯಾಷನಲ್ ಪಾರ್ಕ್, ಅಂದರೆ ಮರುಭೂಮಿ ರಾಷ್ಟ್ರೀಯ ಉದ್ಯಾನ. ನೋಡಬೇಕಾಗಿದ್ದದ್ದು ಒಂದು ಹಕ್ಕಿ. ಆ ಹಕ್ಕಿಯ ಕಥೆ ರಾಜಸ್ಥಾನದಲ್ಲಿ ಆರಂಭವಾಗುವುದಿಲ್ಲ. ನಮ್ಮ ಹಾವೇರಿ ಜಿಲ್ಲೆಯಿಂದಲೇ ಆರಂಭಿಸಬಹುದು. ಆದ್ದರಿಂದ ನಾವು ಕರಾವಳಿಯ ಹೆದ್ದಾರಿ ಬಿಟ್ಟು ಆಗುಂಬೆ ಘಾಟಿ ಹತ್ತಿ, ತೀರ್ಥಹಳ್ಳಿ, ಶಿವಮೊಗ್ಗ ದಾಟಿ ಮೊದಲು ರಾಣೆಬೆನ್ನೂರಿಗೆ ಹೋದೆವು.

ಎರೆಯ ನೆಲದ ಭೂತ

ಇಂಗ್ಲಿಷಿನಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್ ಎಂದು ಕರೆಯುವ ಹಕ್ಕಿಗೆ ಬಯಲುಸೀಮೆಯ ಕನ್ನಡದಲ್ಲಿ ಎರೆಭೂತ ಎಂಬ ಹೆಸರಿದೆ. ಹೆಬ್ಬಕ ಎಂದೂ ಹೇಳುತ್ತಾರೆ. ಎರೆ ಎಂದರೆ ಕಪ್ಪು ಮಣ್ಣು. ಭೂತ ಎಂದರೆ ಏನೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಎರೆಯ ಬಯಲಿನಲ್ಲಿ ಎಲ್ಲಿಂದಲೋ ಎದ್ದು ನಿಂತು, ನೋಡನೋಡುತ್ತಿದ್ದಂತೆ ಹುಲ್ಲಿನಲ್ಲಿ ಮಾಯವಾಗುವ ಪಕ್ಷಿಗೆ ಇದಕ್ಕಿಂತ ಒಪ್ಪುವ ಹೆಸರು ಸಿಗಲಿಕ್ಕಿಲ್ಲ. ಗಂಡು ಹಕ್ಕಿ ಸುಮಾರು ಒಂದು ಮೀಟರ್ ಎತ್ತರ, ತೂಕ 15 ಕಿಲೋ ತನಕ. ಹಾರುವ ಪಕ್ಷಿಗಳಲ್ಲಿ ಇಷ್ಟು ಭಾರದವು ಲೋಕದಲ್ಲೇ ಕಡಿಮೆ. ಇದು ಮರದ ಮೇಲೆ ಕೂರುವುದಿಲ್ಲ, ಗೂಡು ಕಟ್ಟುವುದಿಲ್ಲ. ಬರಿ ನೆಲದ ಮೇಲೆ ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮೊಟ್ಟೆ ಇಡುತ್ತದೆ. ಆ ಒಂದು ಮೊಟ್ಟೆ ನಾಯಿ, ನರಿ, ಉಡಗಳ ಬಾಯಿಗೆ ಸಿಕ್ಕದೆ ಉಳಿದರೆ ಮಾತ್ರ ಸಂತಾನ.

ಒಂದು ಕಾಲಕ್ಕೆ ದೇಶದ ಒಣ ಬಯಲುಗಳಲ್ಲೆಲ್ಲ ಈ ಹಕ್ಕಿ ಇತ್ತು. ರಾಷ್ಟ್ರಪಕ್ಷಿಯ ಆಯ್ಕೆಯ ಸಂದರ್ಭದಲ್ಲಿ ಪಕ್ಷಿತಜ್ಞ ಸಲೀಂ ಅಲಿ ಇದರ ಹೆಸರನ್ನು ಸೂಚಿಸಿದ್ದರು. 1963ರಲ್ಲಿ ನವಿಲು ಆಯ್ಕೆಯಾಯಿತು. 1969ರಲ್ಲಿ ಧರ್ಮಕುಮಾರಸಿಂಹಜಿ ಮಾಡಿದ ಅಂದಾಜಿನ ಪ್ರಕಾರ ದೇಶದಲ್ಲಿ ಸುಮಾರು 1260 ಎರೆಭೂತಗಳಿದ್ದವು. ಇಂದು ಕಾಡಿನಲ್ಲಿ ಉಳಿದಿರುವುದು 150ರ ಒಳಗೆ ಎನ್ನುತ್ತಾರೆ. ಅವುಗಳಲ್ಲಿ ಬಹುಪಾಲು ಜೈಸಲ್ಮೇರ್ ಜಿಲ್ಲೆಯಲ್ಲಿವೆ.

ರಾಣೆಬೆನ್ನೂರಿನಲ್ಲಿ 1974ರಲ್ಲಿ 119 ಚದರ ಕಿಲೋಮೀಟರ್ ಅಭಯಾರಣ್ಯ ಮಾಡಿದಾಗ ಕೃಷ್ಣಮೃಗದ ಜೊತೆಗೆ ಎರೆಭೂತದ ರಕ್ಷಣೆಯೂ ಉದ್ದೇಶವಾಗಿತ್ತು. ನಾವು ಹೋದಾಗ ಕೃಷ್ಣಮೃಗಗಳ ಹಿಂಡು ಕಂಡಿತು. ಕಣ್ಣು ಹಾಯಿಸಿದಲ್ಲೆಲ್ಲ ನೀಲಗಿರಿ ತೋಪು ಕಂಡಿತು. ಎರೆಭೂತ ಕಾಣಲಿಲ್ಲ, ಕಾಣುತ್ತದೆಂಬ ನಿರೀಕ್ಷೆಯೂ ಇರಲಿಲ್ಲ. ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆನೆಲದಲ್ಲಿ ಕಳೆದೆರಡು ದಶಕಗಳಲ್ಲಿ ಬೆರಳೆಣಿಕೆಯಷ್ಟು ಹಕ್ಕಿಗಳು ಕಾಣಿಸಿಕೊಂಡಿವೆ, ಅಷ್ಟೆ.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ನೀಲಗಿರಿ ನೆಟ್ಟವರಲ್ಲಿ ಕೆಟ್ಟ ಉದ್ದೇಶವೇನೂ ಇರಲಿಲ್ಲ. ಮರ ನೆಡುವುದು ಒಳ್ಳೆಯ ಕೆಲಸವೆಂದು ನಮಗೆಲ್ಲ ಶಾಲೆಯಲ್ಲೇ ಹೇಳಿಕೊಟ್ಟಿದ್ದಾರೆ. ಹುಲ್ಲುಗಾವಲು ಅವರ ಕಣ್ಣಿಗೆ ಖಾಲಿ ಜಾಗವಾಗಿ ಕಂಡಿತು. ಖಾಲಿ ಜಾಗವನ್ನು ತುಂಬಿಸಿದರು. ಆದರೆ ನಾಲ್ಕೂ ದಿಕ್ಕು ದೂರದವರೆಗೆ ಕಾಣಬೇಕಾದ ಹಕ್ಕಿಗೆ ಮರಗಳ ಸಾಲು ಎಂದರೆ ಗೋಡೆಯಿದ್ದ ಹಾಗೆ. ಹುಲ್ಲು ಹೋದ ಕಡೆ ಅದು ಉಳಿಯುವುದಿಲ್ಲ.

ಮರಳಿನಲ್ಲಿ ಗೂಟ ನಿಲ್ಲುವುದಿಲ್ಲ

ರಾಣೆಬೆನ್ನೂರಿನಿಂದ ಹುಬ್ಬಳ್ಳಿ, ಪುಣೆ, ಅಹಮದಾಬಾದು ಹಾದು ಬಾಡಮೇರ್ ಮಾರ್ಗವಾಗಿ ಐದನೆಯ ದಿನ ಸಂಜೆ ಜೈಸಲ್ಮೇರ್ ತಲಪಿದೆವು. ಊರು ಇನ್ನೂ 17 ಕಿಲೋಮೀಟರ್ ಇರುವಾಗ ಆಕಲ್ ಎಂಬಲ್ಲಿ ನಿಲ್ಲಿಸಿದ್ದೆವು. ಅಲ್ಲಿ ಕಲ್ಲಾಗಿ ಹೋದ ಮರಗಳಿವೆ. ದಿಮ್ಮಿಗಳನ್ನು ಮುಟ್ಟಿದರೆ ತಣ್ಣಗಿನ ಕಲ್ಲು. ತೊಗಟೆಯ ಗೆರೆ ಮಾತ್ರ ಹಾಗೆಯೇ ಇದೆ. ಸುಮಾರು 18 ಕೋಟಿ ವರ್ಷಗಳ ಹಿಂದೆ ಅಲ್ಲಿ ನಮ್ಮ ಘಟ್ಟದಂಥ ಬೆಚ್ಚನೆಯ, ತೇವದ ಕಾಡಿತ್ತು ಎಂಬುದಕ್ಕೆ ಅವು ಸಾಕ್ಷಿ. ಇಲ್ಲಿನ ಸಮೀಪದ ವೇಣೂರಿನಲ್ಲಿ 1604ರಲ್ಲಿ ಅಜಿಲ ಅರಸರು ನಿಲ್ಲಿಸಿದ ಗೊಮ್ಮಟನನ್ನು ನಾವು ಬಹಳ ಹಳೆಯದೆಂದು ನೋಡಲು ಹೋಗುತ್ತೇವೆ. ಆಕಲ್‌ನಲ್ಲಿ ನಿಂತಾಗ ಹಳೆಯದು ಎಂಬ ಮಾತಿಗೇ ಬೇರೆ ಅಳತೆ ಬೇಕಾಗುತ್ತದೆ.

ಉದ್ಯಾನದ ವಿಸ್ತೀರ್ಣ 3162 ಚದರ ಕಿಲೋಮೀಟರ್. ಜೈಸಲ್ಮೇರ್ ಮತ್ತು ಬಾಡಮೇರ್ ಎರಡೂ ಜಿಲ್ಲೆಗಳಲ್ಲಿ ಹರಡಿದೆ. ನಮ್ಮ ಕುದುರೆಮುಖ ರಾಷ್ಟ್ರೀಯ ಉದ್ಯಾನದ ವಿಸ್ತೀರ್ಣ ಸುಮಾರು 600 ಚದರ ಕಿಲೋಮೀಟರ್; ಐದು ಕುದುರೆಮುಖ ಸೇರಿದರೆ ಅದೊಂದು ಆಗುತ್ತದೆ. 1980ರಲ್ಲಿ ಘೋಷಣೆಯಾದ ಇದು ಹೆಸರಿಗೆ ರಾಷ್ಟ್ರೀಯ ಉದ್ಯಾನವಾದರೂ ಕಾನೂನಿನ ಲೆಕ್ಕದಲ್ಲಿ ಅಭಯಾರಣ್ಯ. ಒಳಗೆ ಎಪ್ಪತ್ತರಷ್ಟು ಹಳ್ಳಿಗಳಿವೆ, ಅವುಗಳ ಸುತ್ತ ಧಾಣಿ ಎಂದು ಕರೆಯುವ ಒಂಟಿ ಮನೆಗಳ ಗುಂಪುಗಳಿವೆ. ಲೋಕದ ಮರುಭೂಮಿಗಳಲ್ಲಿ ಅತಿ ಹೆಚ್ಚು ಜನವಸತಿ ಇರುವ ಮರುಭೂಮಿ ಥಾರ್ ಎಂಬುದು ಪ್ರಸಿದ್ಧ.

ಅಭಯಾರಣ್ಯದ ಒಳಗೆ ಮನಸ್ಸು ಬಂದ ಕಡೆ ಟೆಂಟು ಹಾಕುವಂತಿಲ್ಲ. ಜೈಸಲ್ಮೇರಿನ ಅರಣ್ಯ ಕಚೇರಿಯಲ್ಲಿ ಅನುಮತಿ ಪಡೆದು ಹಗಲು ಒಳಗೆ ಸುತ್ತುವುದು, ರಾತ್ರಿ ಗಡಿಯ ಹೊರಗಿನ ಒಂದು ಧಾಣಿಯ ಅಂಗಳದಲ್ಲಿ ತಂಗುವುದು ಎಂದು ಮಾಡಿಕೊಂಡೆವು. ಪ್ರವಾಸಿಗಳಿಗೆಂದೇ ಸಮ್ ಮತ್ತು ಖೂರಿಯ ಮರಳ ದಿಬ್ಬಗಳ ಬಳಿ ಸಾಲು ಸಾಲು ಟೆಂಟುಗಳಿವೆ. ಧ್ವನಿವರ್ಧಕ, ಒಂಟೆ ಸವಾರಿ ಎಲ್ಲ ಇದೆ. ನಾವು ಅಲ್ಲಿಂದ ದೂರ ಉಳಿದೆವು.

ಮೊದಲ ರಾತ್ರಿಯೇ ಮರುಭೂಮಿ ನಮಗೆ ಪಾಠ ಹೇಳಿತು. ನಮ್ಮೂರಿನ ಮುರಕಲ್ಲಿನ ನೆಲದಲ್ಲಿ ಟೆಂಟಿನ ಗೂಟ ಇಳಿಸಲು ಕಷ್ಟ. ಅಲ್ಲಿ ಒಂದೇ ಬೆರಳಿನಿಂದ ಇಳಿಯುತ್ತದೆ. ಅಷ್ಟೇ ಸುಲಭವಾಗಿ ಕಿತ್ತುಬರುತ್ತದೆ. ನಡುರಾತ್ರಿ ಗಾಳಿಗೆ ಒಂದು ಟೆಂಟು ನಮ್ಮ ಮೇಲೆಯೇ ಮಗುಚಿತು. ಮನೆಯ ಯಜಮಾನರು ಲಾಟೀನು ಹಿಡಿದು ಬಂದು, ಗೋಣಿಚೀಲಗಳಿಗೆ ಮರಳು ತುಂಬಿಸಿ, ಹಗ್ಗವನ್ನು ಅದಕ್ಕೆ ಕಟ್ಟಿ, ಚೀಲವನ್ನೇ ಮರಳಿನಲ್ಲಿ ಹೂತು ತೋರಿಸಿದರು. ಮತ್ತೆ ಅದು ಅಲುಗಲಿಲ್ಲ. ಮರುದಿನ ಜೀಪು ಮರಳಿನಲ್ಲಿ ಹೂತಾಗಲೂ ಅವರ ಮಗನೇ ಬಂದು ಚಕ್ರಗಳ ಗಾಳಿಯನ್ನು ಅರ್ಧಕ್ಕರ್ಧ ಇಳಿಸಿದ. ಗಾಳಿ ಕಡಿಮೆಯಾದರೆ ಚಕ್ರ ಅಗಲವಾಗಿ ನೆಲವನ್ನು ಒತ್ತುತ್ತದೆ, ಒಂಟೆಯ ಪಾದದ ಹಾಗೆ. ಹಗಲು ಬೆವರು, ಬೆಳಗಿನ ಜಾವ ಎರಡು ಕಂಬಳಿಗೂ ತಡೆಯದ ಚಳಿ. ತೇವವಿಲ್ಲದ ಗಾಳಿ ಬಿಸಿಯನ್ನು ಹಿಡಿದಿಡುವುದಿಲ್ಲ. ಸೂರ್ಯ ಮುಳುಗಿದ ಕೂಡಲೇ ನೆಲದ ಬಿಸಿಯೆಲ್ಲ ಆಕಾಶಕ್ಕೆ ಹೋಗಿಬಿಡುತ್ತದೆ. ಕರಾವಳಿಯ ನಮಗೆ ಇದು ಹೊಸತು.

ಬನ್ನಿಕಾಯಿಯ ಪಲ್ಯ

ಅಂಗಳದ ನಡುವೆ ಒಂದು ಮರ. ಅದು ಖೇಜರಿ, 1983ರಿಂದ ರಾಜಸ್ಥಾನದ ರಾಜ್ಯವೃಕ್ಷ. ಎಲ್ಲೋ ನೋಡಿದ ಹಾಗಿದೆಯಲ್ಲ ಎಂದುಕೊಂಡೆ. ನಮ್ಮ ಜೊತೆಗಿದ್ದ ಧಾರವಾಡದ ಗೆಳೆಯ ಒಂದು ರೆಂಬೆ ಹಿಡಿದು, "ಇದು ಬನ್ನಿ ಅಲ್ಲೇನಪಾ?" ಎಂದ. ಹೌದು. ಖೇಜರಿ ಎಂದರೆ ಶಮೀವೃಕ್ಷ. ಪಾಂಡವರು ಆಯುಧ ಬಚ್ಚಿಟ್ಟ ಮರ. ವಿಜಯದಶಮಿಯಂದು ಉತ್ತರ ಕರ್ನಾಟಕದವರು ಬಂಗಾರವೆಂದು ಒಬ್ಬರಿಗೊಬ್ಬರು ಕೊಟ್ಟು ನಮಸ್ಕರಿಸುವ ಎಲೆ. ನಾವು ವರ್ಷಕ್ಕೊಂದು ದಿನ ಪೂಜಿಸುವ ಮರವನ್ನು ಅವರು ದಿನವೂ ಉಣ್ಣುತ್ತಾರೆ. ಅದರ ಕಾಯಿಯ ಹೆಸರು ಸಾಂಗ್ರಿ. ಒಣಗಿಸಿಟ್ಟ ಸಾಂಗ್ರಿಯನ್ನು ಕೇರ್ ಎಂಬ ಎಲೆಯಿಲ್ಲದ ಮುಳ್ಳುಪೊದೆಯ ಕಾಯಿಯ ಜೊತೆ ಬೇಯಿಸಿ ಪಲ್ಯ ಮಾಡುತ್ತಾರೆ. ಸಜ್ಜೆ ರೊಟ್ಟಿ, ಮಜ್ಜಿಗೆಯ ಜೊತೆ ಊಟ. ಎಲೆ ಆಡು, ಒಂಟೆಗಳಿಗೆ ಮೇವು. ಬೇರು ಬಹಳ ಆಳಕ್ಕೆ ಇಳಿಯುವುದರಿಂದ ಮೇಲಿನ ಬೆಳೆಯ ನೀರಿಗೆ ಅದು ಪೈಪೋಟಿ ಮಾಡುವುದಿಲ್ಲ. ಖೇಜರಿಯ ಕೆಳಗೆ ಸಜ್ಜೆ ಇನ್ನೂ ಚೆನ್ನಾಗಿ ಬರುತ್ತದೆಂದು ರೈತರು ಹೇಳುತ್ತಾರೆ.

ಈ ಮರಕ್ಕಾಗಿ ಪ್ರಾಣ ಕೊಟ್ಟವರ ಕಥೆಯನ್ನು ನೀವು ಕೇಳಿರಬಹುದು. 1730ರಲ್ಲಿ ಜೋಧಪುರದ ಸಮೀಪದ ಖೇಜಡ್ಲಿ ಗ್ರಾಮದಲ್ಲಿ ಅರಸನ ಸುಣ್ಣದ ಗೂಡಿಗೆ ಸೌದೆ ಬೇಕೆಂದು ಖೇಜರಿ ಕಡಿಯಲು ಆಳುಗಳು ಬಂದರು. ಅಮೃತಾದೇವಿ ಎಂಬಾಕೆ ಮರವನ್ನು ತಬ್ಬಿ ನಿಂತಳು. ಆಕೆಯನ್ನೂ, ಆಕೆಯ ಹೆಣ್ಣುಮಕ್ಕಳನ್ನೂ ಸೇರಿಸಿ 363 ಬಿಷ್ಣೋಯಿಗಳು ಅಲ್ಲಿ ಹತರಾದರೆಂದು ಹೇಳುತ್ತಾರೆ. 1973ರ ಚಿಪ್ಕೋ ಚಳವಳಿಗೂ, 1983ರಲ್ಲಿ ಶಿರಸಿ ಸಮೀಪದ ಸಲ್ಕಣಿಯಲ್ಲಿ ಆರಂಭವಾದ ನಮ್ಮ ಅಪ್ಪಿಕೋ ಚಳವಳಿಗೂ ಹಿಂದೆ ಇದ್ದ ಹಿರಿಯ ಮಾದರಿ ಅದು.

ಮರುಭೂಮಿಯವರಿಗೆ ನೀರಿನ ಲೆಕ್ಕವೂ ಚೆನ್ನಾಗಿ ಗೊತ್ತು. ಜೈಸಲ್ಮೇರಿನ ಪಶ್ಚಿಮಕ್ಕೆ ಕುಲಧರಾ ಎಂಬ ಹಾಳೂರಿದೆ. ಪಾಲೀವಾಲ ಬ್ರಾಹ್ಮಣರು ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಬಿಟ್ಟುಹೋದ ಊರು. ಪ್ರವಾಸಿಗಳಿಗೆ ಅಲ್ಲಿ ದೆವ್ವದ ಕಥೆ ಹೇಳುತ್ತಾರೆ. ದೆವ್ವಕ್ಕಿಂತ ಸ್ವಾರಸ್ಯವಾದದ್ದು ಅವರು ರೂಢಿಗೆ ತಂದ ಖಡೀನ್. ಕಲ್ಲಿನ ಇಳಿಜಾರಿನಲ್ಲಿ ಬಿದ್ದ ಮಳೆ ಹರಿದುಬಂದು ಸೇರುವ ತಗ್ಗಿಗೆ ಅಡ್ಡಲಾಗಿ ಮಣ್ಣಿನ ದಂಡೆ ಕಟ್ಟುತ್ತಾರೆ. ನೀರು ಅಲ್ಲೇ ನಿಂತು ಇಂಗುತ್ತದೆ. ಇಂಗಿದ ತೇವದಲ್ಲಿ ಚಳಿಗಾಲದಲ್ಲಿ ಗೋಧಿ, ಕಡಲೆ ಬೆಳೆಯುತ್ತಾರೆ; ಆಮೇಲೆ ಒಂದು ಹನಿ ನೀರೂ ಹಾಯಿಸುವುದಿಲ್ಲ. ಮಳೆ ಮುಗಿದ ಮೇಲೆ ನಾವು ತೋಡುಗಳಿಗೆ ಹಾಕುವ ಕಟ್ಟದ ಅಣ್ಣನೆಂದು ಇದನ್ನು ಕರೆಯಬಹುದು. ವ್ಯತ್ಯಾಸವೊಂದೇ: ನಾವು 4000 ಮಿಲಿಮೀಟರಿನ ನೀರನ್ನು ಕಡಲಿಗೆ ಬಿಟ್ಟು ಮಾರ್ಚ್ ತಿಂಗಳಲ್ಲಿ ಟ್ಯಾಂಕರಿಗೆ ಫೋನು ಮಾಡುತ್ತೇವೆ.

ಮೂರನೆಯ ಬೆಳಗ್ಗೆ

ಎರೆಭೂತ ಕಂಡದ್ದು ಮೂರನೆಯ ಬೆಳಗ್ಗೆ, ಸುದಾಸರಿ ಎಂಬಲ್ಲಿ. ಅಲ್ಲಿ ಅರಣ್ಯ ಇಲಾಖೆಯವರು ಹುಲ್ಲುಗಾವಲಿಗೆ ಬೇಲಿ ಹಾಕಿ ಕಾಪಾಡಿದ್ದಾರೆ. ಮರಳ ದಿಬ್ಬ ಆ ಉದ್ಯಾನದ ಒಂದು ಭಾಗ ಮಾತ್ರ ಎಂಬುದು ಅಲ್ಲಿಗೆ ಹೋದರೆ ತಿಳಿಯುತ್ತದೆ. ಉಳಿದದ್ದು ಕಲ್ಲುನೆಲ, ಕುರುಚಲು, ಮೊಣಕಾಲೆತ್ತರದ ಸೇವಣ್ ಹುಲ್ಲು. ಈ ಹುಲ್ಲು ಬೇರಿನಲ್ಲಿ ಜೀವ ಹಿಡಿದುಕೊಂಡು ಮಳೆಗೆ ಕಾಯುತ್ತದೆ. ಒಂದು ಮಳೆ ಬಿದ್ದರೆ ಮತ್ತೆ ಚಿಗುರುತ್ತದೆ. ಥಾರ್‌ಪಾರ್ಕರ್ ತಳಿಯ ಹಸುಗಳು ಬದುಕುವುದು ಇಂಥ ಹುಲ್ಲಿನಲ್ಲಿ. ಚಿಂಕಾರಗಳ ಹಿಂಡೊಂದು ದಾರಿಗೆ ಅಡ್ಡಲಾಗಿ ಹೋಯಿತು. ಮರುಭೂಮಿಯ ನರಿಯೊಂದು ಬಿಲದ ಬಾಯಲ್ಲಿ ಬಿಸಿಲು ಕಾಯಿಸುತ್ತಿತ್ತು.

ದೂರದ ಹುಲ್ಲಿನಲ್ಲಿ ಯಾರೋ ಬೂದು ಶಾಲು ಹೊದ್ದು ನಿಂತ ಹಾಗೆ ಕಂಡಿತು. ನಮ್ಮ ಜೊತೆಗಿದ್ದ ಮಾರ್ಗದರ್ಶಿ ನನ್ನ ತೋಳು ಹಿಡಿದು ನಿಲ್ಲಿಸಿದರು. ಶಾಲು ಮೆಲ್ಲನೆ ನಡೆಯತೊಡಗಿತು. ಬಿಳಿಯ ಕುತ್ತಿಗೆ, ಕಪ್ಪು ನೆತ್ತಿ. ನಾಲ್ಕು ಹೆಜ್ಜೆ ಇಟ್ಟು ನಿಲ್ಲುವುದು, ಸುತ್ತ ನೋಡುವುದು, ಮತ್ತೆ ನಾಲ್ಕು ಹೆಜ್ಜೆ. ಹತ್ತು ನಿಮಿಷದ ಮೇಲೆ ಹುಲ್ಲಿನ ಇಳಿಜಾರಿನಲ್ಲಿ ಅದು ಇಳಿದುಹೋಯಿತು. ಭೂತಕೋಲದಲ್ಲಿ ದೈವ ಅಂಗಳಕ್ಕೆ ಇಳಿಯುವಾಗ ಎಲ್ಲರೂ ಒಮ್ಮೆಗೆ ಸುಮ್ಮನಾಗುತ್ತಾರಲ್ಲ, ನಾವೂ ಹಾಗೆಯೇ ನಿಂತಿದ್ದೆವು.

ಬೇಲಿಯ ಒಳಗೆ ಅದು ಕ್ಷೇಮ. ಆದರೆ ಹಕ್ಕಿಗೆ ಬೇಲಿಯ ಲೆಕ್ಕ ಇಲ್ಲ. ಹೊರಗೆ ಹೋದರೆ ಅದರ ದೊಡ್ಡ ಶತ್ರು ವಿದ್ಯುತ್ ತಂತಿ. ಎರೆಭೂತದ ಕಣ್ಣುಗಳು ತಲೆಯ ಎರಡು ಬದಿಗೆ ಇವೆ. ಸುತ್ತ ಚೆನ್ನಾಗಿ ಕಾಣುತ್ತದೆ, ನೇರ ಎದುರಿಗೆ ಸರಿಯಾಗಿ ಕಾಣದು. ತಂತಿ ಹತ್ತಿರ ಬಂದ ಮೇಲೆ ತಿಳಿದರೂ ಅಷ್ಟು ಭಾರದ ದೇಹ ತಟ್ಟನೆ ಹೊರಳಲಾರದು. ಥಾರ್‌ನ ಸುಮಾರು 4200 ಚದರ ಕಿಲೋಮೀಟರ್ ಪ್ರದೇಶದಲ್ಲಿ ಎಲ್ಲ ಜಾತಿಯವೂ ಸೇರಿ ವರ್ಷಕ್ಕೆ ಸುಮಾರು 84,000 ಹಕ್ಕಿಗಳು ತಂತಿಗೆ ಬಡಿದು ಸಾಯುತ್ತವೆ ಎಂದು ಭಾರತೀಯ ವನ್ಯಜೀವಿ ಸಂಸ್ಥೆ ಅಂದಾಜು ಮಾಡಿದೆ. 2021ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಎರೆಭೂತದ ನೆಲೆಗಳಲ್ಲಿ ತಂತಿಗಳನ್ನು ನೆಲದಡಿ ಹಾಕಬೇಕೆಂದು ಆದೇಶಿಸಿತು. 2024ರ ಮಾರ್ಚ್‌ನಲ್ಲಿ ಆ ಆದೇಶವನ್ನು ಸಡಿಲಿಸಿ ತಜ್ಞರ ಸಮಿತಿಯನ್ನು ನೇಮಿಸಿತು. ಈ ನಡುವೆ 2019ರಲ್ಲಿ ಸಮ್‌ನಲ್ಲಿ ಆರಂಭವಾದ ಕೇಂದ್ರದಲ್ಲಿ ಮೊಟ್ಟೆಗಳಿಗೆ ಕಾವು ಕೊಟ್ಟು ಮರಿಗಳನ್ನು ಬೆಳೆಸುತ್ತಿದ್ದಾರೆ. ಮರಿಗಳನ್ನು ಬೆಳೆಸಬಹುದು, ಬಿಡಲು ಹುಲ್ಲುಗಾವಲು ಬೇಕಷ್ಟೆ.

ತಂತಿಗಳು ಬಂದದ್ದು ಸೌರವಿದ್ಯುತ್ ಮತ್ತು ಗಾಳಿಯಂತ್ರಗಳ ಜೊತೆಗೆ. ನಾನು ಸೌರವಿದ್ಯುತ್ತಿನ ವಿರೋಧಿ ಅಲ್ಲ. ನಮ್ಮ ಪಾವಗಡದಲ್ಲೂ 2000 ಮೆಗಾವ್ಯಾಟಿಗೂ ಮೀರಿದ ಸೌರ ಪಾರ್ಕ್ ಇದೆ. ಕಲ್ಲಿದ್ದಲು ಸುಡುವುದಕ್ಕಿಂತ ಅದು ಮೇಲು. ಆದರೆ ಎಲ್ಲಿ ಹಾಕಬೇಕು ಎಂಬ ಪ್ರಶ್ನೆ ಬಂದಾಗ ನಕಾಶೆ ತೆರೆಯುತ್ತಾರೆ. 2000ರಲ್ಲಿ ಕೇಂದ್ರ ಸರಕಾರ ದೇಶದ ಪಾಳುಭೂಮಿಯ ನಕಾಶೆಗಳ ಸಂಪುಟವನ್ನು ಮೊದಲ ಬಾರಿಗೆ ಪ್ರಕಟಿಸಿತು. ಮರುಭೂಮಿಯ ಮರಳು ಅದರಲ್ಲಿ ಪಾಳುಭೂಮಿಯ ಒಂದು ಬಗೆ. ಕಾಗದದಲ್ಲಿ ಪಾಳು ಎಂದು ಬರೆದ ಮೇಲೆ ಅಲ್ಲಿ ಹುಲ್ಲಿದೆ, ಹಕ್ಕಿಯಿದೆ, ಹಸುವಿದೆ ಎಂದು ಹೇಳುವವನೇ ರುಜುವಾತು ಕೊಡಬೇಕಾಗುತ್ತದೆ.

ಇನ್ನೊಂದು ಮಾತನ್ನೂ ಹೇಳದಿದ್ದರೆ ಅಪಚಾರವಾದೀತು. ಉದ್ಯಾನದ ಒಳಗಿನ ಹಳ್ಳಿಯವರಿಗೆ ತಮ್ಮದೇ ದುಃಖವಿದೆ. ಅಭಯಾರಣ್ಯದ ಕಟ್ಟುಪಾಡುಗಳಿಂದ ರಸ್ತೆ, ವಿದ್ಯುತ್ತು, ನೀರು ಸರಿಯಾಗಿ ಬರಲಿಲ್ಲವೆಂದು ಅವರು ದೂರುತ್ತಾರೆ. ಹಕ್ಕಿಯ ಮೇಲೆ ಸಿಟ್ಟಿಲ್ಲ, ಹಕ್ಕಿಯ ಹೆಸರಿನಲ್ಲಿ ತಮ್ಮನ್ನು ಮರೆತದ್ದಕ್ಕೆ ಸಿಟ್ಟು ಎಂದು ನಮಗೆ ಆಶ್ರಯ ಕೊಟ್ಟ ಯಜಮಾನರು ಹೇಳಿದರು. 1987ರಲ್ಲಿ ಕುದುರೆಮುಖ ಉದ್ಯಾನವಾದ ಮೇಲೆ ಅದರ ಒಳಗೆ ಉಳಿದ ಮನೆಗಳವರ ಅಹವಾಲು ಕೇಳಿದವರಿಗೆ ಈ ಮಾತು ಹೊಸತಾಗಿ ಕಾಣದು.

ಓರಣ ಮತ್ತು ಬನ

ನಾಲ್ಕನೆಯ ದಿನ ಯಜಮಾನರು ನಮ್ಮನ್ನು ಒಂದು ಓರಣಕ್ಕೆ ಕರೆದುಕೊಂಡು ಹೋದರು. ಕನ್ನಡದಲ್ಲಿ ಓರಣ ಎಂದರೆ ಅಚ್ಚುಕಟ್ಟು. ಅವರ ಓರಣ ಬೇರೆ. ಅರಣ್ಯ ಎಂಬ ಪದದಿಂದ ಬಂದದ್ದೆಂದು ಹೇಳುತ್ತಾರೆ. ದೇವರಿಗೆ ಅಥವಾ ದೈವಕ್ಕೆ ಬಿಟ್ಟ ನೆಲ. ದನಗಳನ್ನು ರಕ್ಷಿಸಲು ಹೋರಾಡಿ ಮಡಿದು ದೈವವಾದ ಪಾಬೂಜಿಯಂಥವರ ಹೆಸರಿನಲ್ಲಿ ಅನೇಕ ಓರಣಗಳಿವೆ. ಕೋಟಿ ಚೆನ್ನಯರ ಗರಡಿಗೆ ನಡೆದುಕೊಳ್ಳುವ ನಮಗೆ ವೀರನೊಬ್ಬ ದೈವವಾಗುವುದು ಏನೆಂದು ವಿವರಿಸಬೇಕಾಗಿಲ್ಲ. ಓರಣದಲ್ಲಿ ದನ, ಆಡು, ಒಂಟೆ ಮೇಯಬಹುದು. ಹಸಿ ಮರಕ್ಕೆ ಕೊಡಲಿ ಹಾಕುವಂತಿಲ್ಲ. ಉಳುವಂತಿಲ್ಲ.

ಅಲ್ಲಿ ದೊಡ್ಡ ಗುಡಿ ಇರಲಿಲ್ಲ. ಖೇಜರಿಯ ಬುಡದಲ್ಲಿ ಒಂದು ಕಲ್ಲು, ಕುಂಕುಮ, ಒಂದು ಬಾವುಟ. ಸುತ್ತ ಹರಿದಾರಿಗಟ್ಟಲೆ ಹುಲ್ಲು ಮತ್ತು ಕುರುಚಲು. ಎರೆಭೂತ ಬೇಲಿಯ ಹೊರಗೂ ಉಳಿದಿದ್ದರೆ ಅದಕ್ಕೆ ಇಂಥ ಓರಣಗಳೇ ಒಂದು ಮುಖ್ಯ ಕಾರಣ. ಸರಕಾರ ಕಾಪಾಡುವುದಕ್ಕೆ ಎಷ್ಟೋ ಶತಮಾನಗಳ ಮೊದಲು ದೈವದ ಭಯ ಕಾಪಾಡಿತ್ತು.

ಆದರೆ ಕಂದಾಯದ ಪುಸ್ತಕದಲ್ಲಿ ಎಷ್ಟೋ ಓರಣಗಳು ಓರಣವೆಂದು ದಾಖಲಾಗಿಲ್ಲ. ಸರಕಾರಿ ಬಂಜರೆಂದು ದಾಖಲಾಗಿವೆ. ಬಂಜರಾದ್ದರಿಂದ ಯೋಜನೆಗಳಿಗೆ ಹಂಚಿಕೆಯಾಗುತ್ತವೆ. ಜೈಸಲ್ಮೇರ್ ಜಿಲ್ಲೆಯ ದೇಗ್ರಾಯ್ ಓರಣವನ್ನು ಉಳಿಸಲು ಸುತ್ತಣ ಹಳ್ಳಿಗಳವರು ಪಾದಯಾತ್ರೆ ಮಾಡಿದ್ದಾರೆ. 2024ರ ಡಿಸೆಂಬರ್ 18ರಂದು ಸುಪ್ರೀಂ ಕೋರ್ಟು ರಾಜಸ್ಥಾನದ ಇಂಥ ಪವಿತ್ರ ವನಗಳನ್ನು ಅಳತೆ ಮಾಡಿ ಗುರುತಿಸಿ ಅರಣ್ಯವೆಂದು ಅಧಿಸೂಚನೆ ಹೊರಡಿಸಬೇಕೆಂದು ನಿರ್ದೇಶಿಸಿತು. ಅಳೆಯುವ ಕೆಲಸ ದೊಡ್ಡದು. ಅಷ್ಟರೊಳಗೆ ಉಳಿದದ್ದೆಷ್ಟೋ ಅಷ್ಟು.

ಬಂಜರು ಎಂಬ ಮಾತಿಗೆ ನಮ್ಮ ಜಿಲ್ಲೆಯಲ್ಲಿ ಒಬ್ಬ ಅಣ್ಣನಿದ್ದಾನೆ: ಪರಂಬೋಕು. 1956ರವರೆಗೆ ನಾವು ಮದ್ರಾಸಿನವರಾಗಿದ್ದ ಕಾಲದ ಕಂದಾಯ ಶಬ್ದ. ತೆರಿಗೆಯ ಲೆಕ್ಕದಿಂದ ಹೊರಗಿಟ್ಟ ಜಾಗ ಎಂದು ಅದರ ಅರ್ಥ. ದಾರಿ, ಕೆರೆ, ತೋಡು, ಸ್ಮಶಾನ, ದನ ಮೇಯುವ ಜಾಗ, ಹೀಗೆ ಊರಿಗೆಲ್ಲ ಬೇಕಾದದ್ದು ಪರಂಬೋಕು. ಆದರೆ ಬಾಯಿಮಾತಿನಲ್ಲಿ ಅದು ಬೈಗುಳವಾಗಿದೆ. ಎಲ್ಲರಿಗೂ ಸೇರಿದ್ದು ಯಾರಿಗೂ ಬೇಡವಾದದ್ದಾಯಿತು. ನಮ್ಮ ಪದವುಗಳನ್ನೇ ನೋಡಿ. ಬೇಸಗೆಯಲ್ಲಿ ಸುಟ್ಟ ಕಲ್ಲು. ಆಟಿ, ಸೋಣ ತಿಂಗಳಲ್ಲಿ ಹೋದರೆ ಕಾಲಿಡಲು ಜಾಗವಿಲ್ಲದಷ್ಟು ಪುಟ್ಟ ಹೂಗಳು. ಆ ಕಲ್ಲಿನ ಮೇಲೆ ನಿಂತ ನೀರೇ ಕೆಳಗಿನ ಬಾವಿಗಳಿಗೆ ಇಳಿಯುವುದು.

ಓರಣದಲ್ಲಿ ಕುಳಿತಾಗ ನನಗೆ ನೆನಪಾದದ್ದು ನಮ್ಮ ಕುಟುಂಬದ ನಾಗಬನ. ನಾನು ಸಣ್ಣವನಿದ್ದಾಗ ಬನದ ಒಳಗೆ ಬಗ್ಗಿ ಹೋಗಬೇಕಿತ್ತು. ರೆಂಜೆ, ಪಾಲೆ, ಬೈನೆ, ಬೆತ್ತದ ಬಳ್ಳಿ. ನಾಗನ ಕಲ್ಲು ಕಾಣುವ ಮೊದಲು ತಂಪು ತಾಗುತ್ತಿತ್ತು. ನಾಗರಪಂಚಮಿಗೆ ಹಾಲು ಹೊಯ್ದು ಹಿಂದೆ ನೋಡದೆ ಬರಬೇಕು ಎಂದು ಅಜ್ಜಿ ಹೇಳುತ್ತಿದ್ದರು. ಈಗ ಅಲ್ಲಿ ಸಿಮೆಂಟಿನ ಕಟ್ಟೆ ಇದೆ, ಗ್ರಾನೈಟಿನ ನೆಲ ಇದೆ, ಬಣ್ಣದ ಕಾಂಪೌಂಡು ಇದೆ. ಮರ ಉಳಿದಿರುವುದು ಮೂರು. ಇದು ನಮ್ಮದೊಂದೇ ಕಥೆ ಅಲ್ಲ; ಈ ಸಭೆಯಲ್ಲಿ ಕುಳಿತ ಎಷ್ಟೋ ಮನೆಗಳ ಕಥೆ. ಕೊಡಗಿನಲ್ಲಿ 1200ಕ್ಕೂ ಹೆಚ್ಚು ದೇವರಕಾಡುಗಳು ದಾಖಲೆಯಲ್ಲಾದರೂ ಇವೆ. ನಮ್ಮ ಬನಗಳು ಒಂದೊಂದು ಕುಟುಂಬದ ಕೈಯಲ್ಲಿವೆ. ಉಳಿಸಿದರೂ ನಾವೇ, ಕಡಿದರೂ ನಾವೇ. ಇಲ್ಲಿ ಕಡಿಯಲು ಯಾವ ಕಂಪೆನಿಯೂ ಬರಲಿಲ್ಲ. ಭಕ್ತಿಯಿಂದಲೇ ಕಡಿದೆವು, ಬನ ಚೆಂದ ಕಾಣಲಿ ಎಂದು. ರಾಣೆಬೆನ್ನೂರಿನಲ್ಲಿ ಹುಲ್ಲಿನ ಮೇಲೆ ನೀಲಗಿರಿ ನೆಟ್ಟವರಿಗೂ ನಮಗೂ ಹೆಚ್ಚು ವ್ಯತ್ಯಾಸ ಇಲ್ಲ. ಅವರಿಗೆ ಹುಲ್ಲು ಖಾಲಿಯಾಗಿ ಕಂಡಿತು, ನಮಗೆ ಪೊದೆ ಕೊಳಕಾಗಿ ಕಂಡಿತು.

ನಾನು ಜೈಸಲ್ಮೇರಿನಿಂದ ತಂದದ್ದು ಇಷ್ಟೆ: ಒಂದು ನೆಲ ಖಾಲಿ ಎಂದು ಹೇಳುವ ಮೊದಲು ಅಲ್ಲಿ ಒಂದು ರಾತ್ರಿ ಮಲಗಿ ನೋಡಬೇಕು. ಅಲ್ಲಿ ಯಾರ ಹಸು ಮೇಯುತ್ತದೆ, ಯಾವ ಹಕ್ಕಿ ಮೊಟ್ಟೆ ಇಡುತ್ತದೆ, ಯಾರ ಬಾವಿಗೆ ಅದರ ನೀರು ಇಳಿಯುತ್ತದೆ ಎಂದು ಕೇಳಬೇಕು. ಆಮೇಲೆ ಹೆಸರು ಇಡೋಣ.

ಬರುವ ಆಶ್ಲೇಷಾ ಪೂಜೆಗೆ ಮೊದಲು ನಮ್ಮ ಬನದ ಉಳಿದ ಜಾಗಕ್ಕೂ ಇಂಟರ್‌ಲಾಕ್ ಹಾಸಬೇಕೆಂದು ಕುಟುಂಬದಲ್ಲಿ ಮಾತಾಗಿದೆ. ಅದಕ್ಕೆ ಮೂರರಲ್ಲಿ ಒಂದು ಮರ, ಹಳೆಯ ರೆಂಜೆ, ಹೋಗಬೇಕಾಗುತ್ತದೆ. ಮುಂದಿನ ತಿಂಗಳು ಕುಟುಂಬದವರೆಲ್ಲ ಸೇರಿ ತೀರ್ಮಾನ ಮಾಡುವುದೆಂದು ಇದೆ. ಊರಿಗೆ ಮರಳಿದ ರಾತ್ರಿ ನಾನು ಸೋದರಮಾವನ ಮುಂದೆ ಓರಣದ ಫೋಟೋಗಳನ್ನು ಇಟ್ಟೆ. ಮರದ ಬುಡದ ಆ ಕಲ್ಲಿನ ಫೋಟೋವನ್ನು ಅವರು ಬಹಳ ಹೊತ್ತು ನೋಡಿದರು. "ಇವರು ಕಟ್ಟೆ ಕಟ್ಟಲಿಲ್ಲವಾ?" ಎಂದು ಕೇಳಿದರು. ಇಲ್ಲ ಎಂದೆ. "ದೈವ ಬಿಟ್ಟುಹೋಗಲಿಲ್ಲವಾ?" ಇಲ್ಲ ಮಾವ, ಇನ್ನೂ ಇದೆ ಎಂದೆ. ಫೋಟೋ ಹಿಂದಕ್ಕೆ ಕೊಟ್ಟು, "ಆಯಿತು, ರೆಂಜೆಯದ್ದು ನೋಡುವ" ಎಂದರು.

ಸಭೆಯಲ್ಲಿ ಏನಾಗುತ್ತದೋ ಗೊತ್ತಿಲ್ಲ. ನಾನು ಹೋಗುತ್ತೇನೆ, ಹೇಳಬೇಕಾದದ್ದನ್ನು ಹೇಳುತ್ತೇನೆ. ನಿಮ್ಮ ನಿಮ್ಮ ಕುಟುಂಬದ ಸಭೆಯಲ್ಲಿ ಬನದ ಮಾತು ಬಂದಾಗ ನೀವೂ ಒಂದು ಮಾತು ಹೇಳಬೇಕೆಂದು ಕೇಳಿಕೊಂಡು ನನ್ನ ಮಾತು ಮುಗಿಸುತ್ತೇನೆ.